ರಾಯಚೂರಿನ ಓಣಿಗಳ ಬೇಟೆ ಹಕ್ಕಿಗಳು: ಗುರುತಿಸಲು ಕೆಲವು ಟಿಪ್ಪಣಿಗಳು

ಬೇಟೆ ಹಕ್ಕಿಗಳನ್ನು ಕಲಿಯಲು ಹೊರಟವರು ಮೊದಲು ನೋಡುವುದು ಬಣ್ಣ. ಆದರೆ ನಮ್ಮೂರಿನ ಉರಿಬಿಸಿಲಿಗೆ ಎದುರಾಗಿ ತಲೆಯೆತ್ತಿದರೆ ಮೇಲಿರುವುದೆಲ್ಲ ಕಪ್ಪಾಗಿಯೇ ಕಾಣುತ್ತದೆ. ಹಾಗಾಗಿ, ಈ ಜಾಗದಲ್ಲಿ ತಿನ್ನಲು ಏನು ಸಿಗುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಹಕ್ಕಿ ಯಾವುದೆಂದು ಅರ್ಧ ಗೊತ್ತಾದಂತೆ.

ಮಾಂಸದಂಗಡಿ, ಕಸದ ರಾಶಿ ಇರುವಲ್ಲಿ ಹದ್ದು. ಊರಿನ ಹದ್ದು ಬೇಟೆಯಾಡುವುದಕ್ಕಿಂತ ಬಿದ್ದದ್ದನ್ನು ಎತ್ತಿಕೊಂಡು ಹೋಗುವುದೇ ಹೆಚ್ಚು. ಬಾಲದ ತುದಿ ಕವಲೊಡೆದಿರುತ್ತದೆ. ತಿರುಗುವಾಗ ಬಾಲ ಅಗಲಿಸಿದರೆ ಆ ಕವಲು ಕಾಣುವುದಿಲ್ಲ, ಸ್ವಲ್ಪ ಕಾಯಬೇಕು. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ಟವರ್ ಮೇಲೆ ಕೂತಿದ್ದು, ಆಮೇಲೆ ರೆಕ್ಕೆ ಬಡಿಯದೆ ಸುತ್ತುತ್ತ ಏರುತ್ತದೆ.

ಮಾವಿನಕೆರೆಯಂಥ ನೀರಿನ ಬಳಿಯಾದರೆ ಗರುಡನನ್ನೂ ಹುಡುಕಿ. ಬೆಳೆದ ಗರುಡನ ಬಿಳಿ ತಲೆ, ಇಟ್ಟಿಗೆಗೆಂಪು ಮೈ ಎಲ್ಲರಿಗೂ ಗೊತ್ತು. ಮರಿಗರುಡ ಮಾತ್ರ ಕಂದು, ಥೇಟ್ ಹದ್ದು. ಆಗ ಬಾಲವೇ ಗತಿ: ಗರುಡನದು ದುಂಡು.

ಬೇವಿನ ಗಿಡಗಳಿರುವ ಓಣಿಯಲ್ಲಿ ಅಳಿಲುಗಳು ಒಮ್ಮೆಲೇ ಚೀರತೊಡಗಿದರೆ ಬಿಜ್ಜು ಎಂಬ ಬೇಟೆ ಹಕ್ಕಿ (ಶಿಕ್ರಾ) ಬಂದಿರಬಹುದು. ಗಾತ್ರದಲ್ಲಿ ಪಾರಿವಾಳದಷ್ಟೇ. ಓತಿಕ್ಯಾತ, ಇಲಿ, ಗುಬ್ಬಿ ಇದರ ಊಟ. ಎಲೆಮರೆಯಲ್ಲಿ ಕಾದು ಕೂತು ಥಟ್ಟನೆ ಎರಗುತ್ತದೆ. ಎದೆಯ ಮೇಲೆ ತೆಳು ಅಡ್ಡಗೆರೆಗಳಿದ್ದರೆ ಬೆಳೆದದ್ದು, ಉದ್ದುದ್ದ ಮಚ್ಚೆಗಳಿದ್ದರೆ ಮರಿ. ಗಂಡಿಗಿಂತ ಹೆಣ್ಣು ದೊಡ್ಡದು. ಕೂಗಷ್ಟೇ ಕೇಳಿ ಹೆಸರು ಬರೆದುಕೊಳ್ಳಬೇಡಿ, ಕಾಜಾಣ ಬಿಜ್ಜುವಿನ ಕೂಗನ್ನು ಹಾಗೆಹಾಗೇ ಅನುಕರಿಸುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕಣಜದ ಗೂಬೆ. ನಮ್ಮದು ಭತ್ತದ ಊರು. ರೈಸ್ ಮಿಲ್, ಗೋದಾಮು ಇದ್ದಲ್ಲಿ ಇಲಿ ಇದ್ದೇ ಇರುತ್ತದೆ, ಇಲಿಯ ಹಿಂದೆ ಈ ಗೂಬೆ. ಇದರ ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ಸದ್ದು ಎರಡನ್ನೂ ಮುಟ್ಟುವುದರಲ್ಲಿರುವ ಸೂಕ್ಷ್ಮ ವ್ಯತ್ಯಾಸದಿಂದಲೇ ಕಗ್ಗತ್ತಲಲ್ಲೂ ಇಲಿಯ ಜಾಗ ಹಿಡಿಯುತ್ತದೆ. ರೆಕ್ಕೆಯ ಮುಂಚೂಣಿ ಗರಿಯ ಅಂಚು ಬಾಚಣಿಗೆಯ ಹಲ್ಲಿನಂತಿರುವುದರಿಂದ ಹಾರಾಟದ ಸದ್ದೂ ಇಲ್ಲ. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಎಲುಬು, ಕೂದಲನ್ನು ಉಂಡೆ ಮಾಡಿ ಕಕ್ಕುತ್ತದೆ. ಪಾಳು ಗೋಡೆಯ ಬುಡದಲ್ಲಿ ಅಂಥ ಉಂಡೆ ಸಿಕ್ಕರೆ ಬಿಡಿಸಿ ನೋಡಿ, ಒಳಗೆ ಇಲಿಯ ತಲೆಬುರುಡೆಯೇ ಇರುತ್ತದೆ.

ಇಂಥ ಹಕ್ಕಿಯನ್ನು ಅಪಶಕುನವೆಂದು ಕಲ್ಲು ಹೊಡೆದು ಓಡಿಸುವುದು ಕಂಡರೆ ಸಂಕಟವಾಗುತ್ತದೆ. ಅದಕ್ಕಿಂತ ದೊಡ್ಡ ಕೇಡು ಇಲಿಪಾಷಾಣ. ಬ್ರೊಮಾಡಿಯೋಲೋನ್‌ನಂಥ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡಿಕೊಂಡಿರುತ್ತದೆ. ಗೂಬೆಗೆ ಸುಲಭವಾಗಿ ಸಿಗುವುದೂ ಅದೇ. ಗೋದಾಮಿನವರಿಗೆ ಹೇಳುವ ಅವಕಾಶ ಸಿಕ್ಕರೆ, ಬೋನು ಇಡಿ ಎನ್ನಿ.

ಹಗಲಲ್ಲೇ ಪೊಟರೆಯ ಬಾಯಲ್ಲಿ ಕೂತು ತಲೆ ಕುಣಿಸುವ ಪುಟ್ಟ ಗೂಬೆ ಹಾಲಕ್ಕಿ. ಮುಸ್ಸಂಜೆ ಬೀದಿದೀಪಕ್ಕೆ ಮುತ್ತುವ ಹುಳುಗಳಿಗಾಗಿ ತಂತಿಯ ಮೇಲೆ ಬರುತ್ತದೆ.

ಇನ್ನು ಗಾಯಗೊಂಡ ಹಕ್ಕಿಗಳ ವಿಷಯ. ಗಾಳಿಪಟ ಹಾರಿಸುವ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ಗಿಡಗಳಲ್ಲಿ ಸಿಕ್ಕಿಕೊಂಡ ದಾರ ರೆಕ್ಕೆ ಕತ್ತರಿಸುತ್ತದೆ. ಅಂಥ ಹಕ್ಕಿ ಸಿಕ್ಕರೆ ದಪ್ಪ ಬಟ್ಟೆ ಹೊದಿಸಿ ಹಿಡಿಯಿರಿ, ಗಾಯ ಮಾಡುವುದು ಕೊಕ್ಕಿಗಿಂತ ಉಗುರು. ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಕತ್ತಲು ಮಾಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಆದ್ದರಿಂದ ಅವತ್ತೇ ಅರಣ್ಯ ಇಲಾಖೆಗೆ ತಿಳಿಸಿ.