ಬಟನ್ ಡೇ: ಎದೆಗೆ ಚುಚ್ಚಿಕೊಂಡ ರಸೀದಿ

ಡಿಸೆಂಬರ್ 7 ಬಂತು ಅಂದರೆ ಶಾಲೆಯಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಬಾವುಟ ಕೊಟ್ಟು ದುಡ್ಡು ತೆಗೆದುಕೊಳ್ಳುತ್ತಿದ್ದರಲ್ಲ, ನೆನಪಿದೆಯಾ? ಅದು ಸೈನಿಕರ ಧ್ವಜ ದಿನ, 1949ರಿಂದ ನಡೆಯುತ್ತಿದೆ. ಸಂಜೆ ಮನೆ ಸೇರುವಷ್ಟರಲ್ಲಿ ಬಾವುಟ ದಾರಿಯಲ್ಲೆಲ್ಲೋ ಬಿದ್ದುಹೋಗಿರುತ್ತಿತ್ತು. ಆಸ್ಟ್ರೇಲಿಯಾದ 'ಬಟನ್ ಡೇ' ಕೂಡ ಇದೇ ಜಾತಿಯದು. ಆದರೆ ಅಲ್ಲಿ ಕೊಡುತ್ತಿದ್ದದ್ದು ತಗಡಿನ ಬ್ಯಾಡ್ಜು. ಅದಕ್ಕೇ ನೂರು ವರ್ಷ ಕಳೆದರೂ ಉಳಿದಿದೆ, ಜನ ಹುಡುಕಿ ಹುಡುಕಿ ಕೂಡಿಡುತ್ತಾರೆ.

ಇಲ್ಲಿ ಬಟನ್ ಅಂದರೆ ಅಂಗಿಯ ಗುಂಡಿ ಅಲ್ಲ, ಆ ಬ್ಯಾಡ್ಜೇ. ಮೊದಲ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರಿಗೆ, ರೆಡ್ ಕ್ರಾಸ್‌ಗೆ, ಬೆಲ್ಜಿಯಂ ಜನರಿಗೆ ಅಂತ ಒಂದೊಂದಕ್ಕೂ ಒಂದೊಂದು ದಿನ ಗೊತ್ತು ಮಾಡುತ್ತಿದ್ದರು. ಹೆಂಗಸರು, ಮಕ್ಕಳು ಬೀದಿಯಲ್ಲಿ ನಿಂತು ಮಾರುತ್ತಿದ್ದರು. ಚಿಲ್ಲರೆ ಹಾಕಿ ಒಂದು ಬಟನ್ ತಗೊಂಡು ಕೋಟಿಗೆ ಚುಚ್ಚಿಕೊಂಡರೆ, ಮುಂದಿನ ತಿರುವಿನಲ್ಲಿ ಇನ್ನೊಬ್ಬರು ಡಬ್ಬಿ ಅಲ್ಲಾಡಿಸುತ್ತಾ ಬಂದಾಗ "ನಂದಾಯ್ತು" ಅಂತ ಎದೆ ತೋರಿಸಿದರೆ ಸಾಕು. ರಸೀದಿ ಅಂದರೆ ಅದೇ. ಚುಚ್ಚಿಕೊಳ್ಳದೆ ಓಡಾಡುವವರಿಗೆ ಮುಜುಗರ ಆಗುತ್ತಿತ್ತು ಅನ್ನೋದೂ ಊಹಿಸಬಹುದು, ಅಲ್ವಾ? ಇದನ್ನು ಸೈನಿಕರ ಪದಕ ಅಂತ ತಪ್ಪು ತಿಳಿಯುವವರು ಇದ್ದಾರೆ. ಪದಕ ಯುದ್ಧಕ್ಕೆ ಹೋದವರದು, ಬಟನ್ ಊರಲ್ಲೇ ಉಳಿದವರದು.

ಕೆಲವು ಬಟನ್ ತಲೆ ಕೆಡಿಸುತ್ತವೆ. 'ಆಸ್ಟ್ರೇಲಿಯಾ ಡೇ' ಅಂತ ಇರುತ್ತದೆ, ತಾರೀಕು ನೋಡಿದರೆ ಜುಲೈ 30, 1915! ಈಗ ಆ ದಿನ ಬರುವುದು ಜನವರಿ 26ಕ್ಕೆ. ತಪ್ಪು ಅಚ್ಚಾಗಿಲ್ಲ, ಟರ್ಕಿಯ ಗಲಿಪೊಲಿಯ ಕದನದಲ್ಲಿ ಗಾಯಗೊಂಡ ಸೈನಿಕರಿಗಾಗಿ ದುಡ್ಡು ಎತ್ತಲು ಆ ವರ್ಷ ಜುಲೈಯಲ್ಲಿ ಅದೇ ಹೆಸರಿನ ದಿನ ಮಾಡಿದ್ದರು. ಅದೇ ತಿಂಗಳು ಅಡಿಲೇಡ್‌ನಲ್ಲಿ ಸೈನಿಕರ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದ 'ಚಿಯರ್ ಅಪ್ ಸೊಸೈಟಿ'ಯವರು ಮೊದಲ 'ವಯಲೆಟ್ ಡೇ' ಮಾಡಿದರು. ಯುದ್ಧದಲ್ಲಿ ಸತ್ತವರ ನೆನಪಿಗೆ ನೇರಳೆ ಬಣ್ಣದ ವಯಲೆಟ್ ಹೂವು ಮಾರಿದರು. ಮುಂದೆ ಅದರ ಬಟನ್‌ಗಳೂ ಬಂದವು. ಹೂವು ಯಾವತ್ತೋ ಬಾಡಿತು, ಬಟನ್ ಉಳಿಯಿತು.

ಒಂದನ್ನು ಕೈಗೆ ತಗೊಂಡು ನೋಡಿ. ದುಂಡನೆ ತಗಡು, ಅದರ ಮೇಲೆ ಅಚ್ಚು ಹಾಕಿದ ಕಾಗದ, ಅದರ ಮೇಲೆ ಗಾಜಿನಂಥ ತೆಳು ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಾಳೆ. ಮೂರನ್ನೂ ಹಿಂದಿನಿಂದ ಒಂದು ಬಳೆ ಬಿಗಿಹಿಡಿದಿರುತ್ತದೆ, ಅದರೊಳಗೆ ತಂತಿಯ ಪಿನ್ನು. ಅಮೆರಿಕದ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ 1896ರಲ್ಲಿ ಇಂಥದ್ದಕ್ಕೆ ಪೇಟೆಂಟ್ ಪಡೆದು ಚುನಾವಣೆ ಪ್ರಚಾರಕ್ಕೆ ರಾಶಿ ರಾಶಿ ಮಾಡಿತ್ತು. ಅಗ್ಗ, ಬೇಗ ಆಗುತ್ತೆ, ಬಣ್ಣ ಚೆನ್ನಾಗಿ ಬರುತ್ತೆ. ದೇಣಿಗೆಗೆ ಇನ್ನೇನು ಬೇಕು?

ಕೂಡಿಡುವವರು ಮುಂದಿನ ಚಿತ್ರಕ್ಕಿಂತ ಜಾಸ್ತಿ ಬೆನ್ನನ್ನೇ ನೋಡುತ್ತಾರೆ. ತುಕ್ಕು ಎಷ್ಟು, ಪಿನ್ನು ಹಳೆಯದೋ ಆಮೇಲೆ ಸಿಕ್ಕಿಸಿದ್ದೋ ಅಂತ. ಅಂಚಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮಾಡಿದವರ ಹೆಸರಿದ್ದರೆ ಖುಷಿಯೋ ಖುಷಿ. ಕೊಳೆ ಇದೆ ಅಂತ ತೊಳೆಯೋಕೆ ಮಾತ್ರ ಹೋಗಬೇಡಿ, ಸಂದಿಯಲ್ಲಿ ನೀರು ಇಳಿದರೆ ಒಳಗಿನ ಕಾಗದ ಕಲೆಗಟ್ಟುತ್ತದೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವ ನಮ್ಮ ಕೈ ಇಲ್ಲಿ ಸ್ವಲ್ಪ ಸುಮ್ನೆ ಇರಬೇಕು.