ಒಂದೇ ಮಣ, ನೂರು ತೂಕ: ಭಾರತ ಮೆಟ್ರಿಕ್ ಅಳತೆಗೆ ಬಂದ ಹಾದಿ

ಐವತ್ತರ ದಶಕದಲ್ಲಿ ದೇಶದ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಅಳತೆಗಳ ಸಮೀಕ್ಷೆ ನಡೆಸಿದವರಿಗೆ 143 ಬೇರೆ ಬೇರೆ ಪದ್ಧತಿಗಳು ಕಂಡವು. ಅದಕ್ಕಿಂತಲೂ ಗಾಬರಿ ಹುಟ್ಟಿಸುವ ಸಂಗತಿಯೆಂದರೆ, ಇಷ್ಟೂ ಕಡೆ ಹೆಸರುಗಳು ಹೆಚ್ಚುಕಡಿಮೆ ಅವೇ ಆಗಿದ್ದವು. ಮಣವೆಂಬ ಒಂದೇ ಮಾತಿಗೆ ಒಂದೆಡೆ 280 ತೊಲ, ಇನ್ನೊಂದೆಡೆ 8,320 ತೊಲ. ಸರಕಾರದ ಅಧಿಕೃತ ಮಣವಾದರೋ 3,200 ತೊಲ. ಈಗಿನ ಲೆಕ್ಕದಲ್ಲಿ ಹೇಳುವುದಾದರೆ ಮೂರೂಕಾಲು ಕಿಲೋದಿಂದ 97 ಕಿಲೋವರೆಗಿನ ಯಾವ ಭಾರವೂ ‘ಒಂದು ಮಣ’ ಆಗಬಹುದಾಗಿತ್ತು. ಭಾರತ ಮೆಟ್ರಿಕ್ ಪದ್ಧತಿಗೆ ಬಂದ ಕಥೆಯನ್ನು ಸಾಮಾನ್ಯವಾಗಿ ಹಳೆಯ ಅಳತೆ ಹೋಗಿ ಹೊಸ ಅಳತೆ ಬಂದ ಕಥೆಯೆಂದು ಹೇಳುತ್ತಾರೆ. ನನಗೆ ಅದು, ಒಂದು ಮಾತಿಗೆ ಎಲ್ಲ ಊರುಗಳಲ್ಲೂ ಒಂದೇ ಅರ್ಥ ಬರುವಂತೆ ಮಾಡಿದ ಕಥೆಯಾಗಿ ಕಾಣುತ್ತದೆ.

ಕನ್ನಡ ನಾಡಿನಲ್ಲಿ ಈ ಗೊಂದಲ ಇನ್ನಷ್ಟು ದಟ್ಟವಾಗಿತ್ತು. 1956ರ ನವೆಂಬರ್ 1ರಂದು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತದ ಜಿಲ್ಲೆಗಳು, ಹೈದರಾಬಾದಿನ ಜಿಲ್ಲೆಗಳು, ಮದರಾಸಿನಿಂದ ಬಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು ಒಂದೇ ರಾಜ್ಯವಾದಾಗ ಐದು ಆಡಳಿತಗಳ ಜೊತೆಗೆ ಅವುಗಳ ತೂಕದ ಕಲ್ಲುಗಳೂ ಒಂದೆಡೆ ಸೇರಿದವು. ಹಳೆಯ ಮೈಸೂರಿನ ಕಚ್ಚಾ ಸೇರು 24 ತೊಲದ್ದು, ಅಂದರೆ ಸುಮಾರು 280 ಗ್ರಾಂ; ಕೇಂದ್ರದ ಪಕ್ಕಾ ಸೇರು 80 ತೊಲದ್ದು, 933 ಗ್ರಾಂ. ಎರಡರಲ್ಲೂ 40 ಸೇರಿಗೆ ಒಂದು ಮಣವಾದ್ದರಿಂದ ಮೈಸೂರಿನ ಮಣ 11.2 ಕಿಲೋದಲ್ಲಿ ನಿಂತರೆ ಕೇಂದ್ರದ ಮಣ 37.3 ಕಿಲೋ ತೂಗುತ್ತಿತ್ತು. ಧಾನ್ಯವನ್ನಂತೂ ತೂಗುವುದಕ್ಕಿಂತ ಅಳೆಯುವುದೇ ಹೆಚ್ಚು. ಬಳ್ಳ, ಕೊಳಗ, 20 ಕೊಳಗದ ಖಂಡುಗ, ನೂರು ಸೇರಿನ ಪಲ್ಲ, ಉತ್ತರದ ಕಡೆಯ ಗಿದ್ನ ಮತ್ತು ಹೇರು, ಕರಾವಳಿಯ ಕಳಸೆ ಮತ್ತು ಮುಡಿ, ಕೊಡಗಿನ ಬಟ್ಟಿ: ಇವುಗಳಲ್ಲಿ ಬಹುಪಾಲು ಗಾತ್ರದ ಅಳತೆಗಳು. ಗಾತ್ರದ ಅಳತೆಯಲ್ಲಿ ಕೈಚಳಕಕ್ಕೆ ಜಾಗ ಹೆಚ್ಚು. ಬಾಯಿಮಟ್ಟಕ್ಕೆ ಸವರಿ ಅಳೆದ ಕೊಳಗಕ್ಕೂ ಮೇಲೆ ರಾಶಿ ನಿಲ್ಲುವಂತೆ ತುಂಬಿದ ಕೊಳಗಕ್ಕೂ ಇರುವ ಅಂತರ ಗೇಣಿ ಅಳೆಯುವ ಒಕ್ಕಲಿಗನ ಪಾಲಿಗೆ ಒಂದು ತಿಂಗಳ ಊಟವೇ ಆಗಿರಬಹುದಿತ್ತು.

ಹಾಗೆಂದು ಹಳೆಯ ಪದ್ಧತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸೇರಿನಲ್ಲಿ 16 ಚಟಾಕು, ರೂಪಾಯಿಯಲ್ಲಿ 16 ಆಣೆ ಇದ್ದದ್ದಕ್ಕೆ ತಕ್ಕಡಿಯೇ ಕಾರಣವೆಂದು ತೋರುತ್ತದೆ. ಸಣ್ಣ ಕಲ್ಲುಗಳೇ ಇಲ್ಲದಿದ್ದರೂ ಒಂದು ಸೇರು ಬೆಲ್ಲವನ್ನು ಎರಡು ತಟ್ಟೆಗಳಿಗೆ ಸಮನಾಗಿ ಹಂಚಿದರೆ ಅಚ್ಚೇರು, ಅದನ್ನು ಮತ್ತೆ ಹಂಚಿದರೆ ಪಾವು, ಇನ್ನೆರಡು ಸಲ ಹಂಚಿದರೆ ಚಟಾಕು ಸಿಗುತ್ತದೆ. ಹತ್ತನ್ನು ಹೀಗೆ ಅರ್ಧ ಮಾಡುತ್ತ ಹೋದರೆ ಎರಡನೆಯ ಸಲಕ್ಕೇ ಭಿನ್ನರಾಶಿ ಎದುರಾಗುತ್ತದೆ. ಕಾಲು, ಅರೆ, ಮುಕ್ಕಾಲು, ವೀಸಗಳ ಮಗ್ಗಿಯನ್ನು ಬಾಯಿಪಾಠ ಮಾಡಿಸಿದ್ದು ಈ ಲೋಕಕ್ಕಾಗಿ, ಮತ್ತು ಅದನ್ನು ಕಲಿತವರು ಕಾಗದವಿಲ್ಲದೆ ಮಾಡುತ್ತಿದ್ದ ಲೆಕ್ಕ ಸಣ್ಣ ವಿದ್ಯೆಯಲ್ಲ. ತೊಡಕು ಬಂದದ್ದು ಹದಿನಾರರಿಂದಲ್ಲ. ಮೊದಲ ಸೇರು ಎಷ್ಟೆಂಬುದು ಊರೂರಿಗೆ ಬೇರೆಯಾಗಿದ್ದುದರಿಂದ.

ಇದನ್ನು ಸರಿಪಡಿಸುವ ಯತ್ನ ಬ್ರಿಟಿಷರ ಕಾಲದಲ್ಲೇ ಶುರುವಾಗಿತ್ತು. 1833ರಲ್ಲಿ ಬಂಗಾಳದ ನಿಯಮವೊಂದು ತೊಲವನ್ನು 180 ಗ್ರೇನ್ (ಗ್ರೇನ್ ಎಂದರೆ ಇಂಗ್ಲಿಷರ ಕಿರುತೂಕ) ಎಂದು ನಿಗದಿ ಮಾಡಿತು. ಅದು ಆಗಿನ ಬೆಳ್ಳಿ ರೂಪಾಯಿಯ ತೂಕ. ಅಚ್ಚರಿಯ ಘಟ್ಟ ಬಂದದ್ದು 1870ರಲ್ಲಿ. ರಿಚರ್ಡ್ ಸ್ಟ್ರೇಚಿ ಅವರ ಸಮಿತಿಯ ಶಿಫಾರಸಿನ ಬೆನ್ನಿಗೆ, ವೈಸರಾಯ್ ಮೇಯೋ ಅವರ ಆಡಳಿತದಲ್ಲಿ ಸಿದ್ಧವಾದ ಕಾನೂನು ಫ್ರಾನ್ಸಿನ ಕಿಲೋಗ್ರಾಮನ್ನೇ ತೆಗೆದುಕೊಂಡು ಅದಕ್ಕೆ ‘ಸೇರು’ ಎಂದು ಹೆಸರಿಟ್ಟಿತು. ಲಂಡನ್ನಿನ ಆಕ್ಷೇಪದ ನಂತರ 1871ರಲ್ಲಿ ಪರಿಷ್ಕೃತ ಕಾನೂನು ಬಂತು. ಮರುವರ್ಷ ಅಂಡಮಾನಿನಲ್ಲಿ ಮೇಯೋ ಅವರ ಕೊಲೆಯಾಯಿತು, ಕಾನೂನು ಎಂದೂ ಜಾರಿಗೆ ಬರಲಿಲ್ಲ. ಅದು ಜಾರಿಯಾಗಿದ್ದರೆ ದೇಶದಲ್ಲಿರುವ ನೂರಾರು ಸೇರುಗಳ ಸಾಲಿಗೆ ಇನ್ನೊಂದು ಸೇರು ಸೇರುತ್ತಿತ್ತೇ ಹೊರತು ಗೊಂದಲ ಕರಗುತ್ತಿರಲಿಲ್ಲವೆಂಬುದು ನನ್ನ ಎಣಿಕೆ. ಮುಂದೆ 1939ರ ತೂಕದ ಕಾನೂನು ಮೆಟ್ರಿಕ್ ವಿಚಾರವನ್ನೇ ಬಿಟ್ಟು 180 ಗ್ರೇನ್ ತೊಲ, 80 ತೊಲದ ಸೇರು, 40 ಸೇರಿನ ಮಣವನ್ನು ಅಧಿಕೃತಗೊಳಿಸಿತು. ಹಳ್ಳಿಯ ಸಂತೆಗೆ ಅದು ಹೆಚ್ಚೇನೂ ಇಳಿಯಲಿಲ್ಲ.

ದಶಮಾನ ಪದ್ಧತಿ ಬೇಕೆಂಬ ಕೂಗು ಸ್ವಾತಂತ್ರ್ಯಕ್ಕೆ ಮೊದಲೇ ಎದ್ದಿತ್ತು. ಕಲ್ಕತ್ತದ ಇಂಡಿಯನ್ ಡೆಸಿಮಲ್ ಸೊಸೈಟಿ ಅದಕ್ಕಾಗಿ ವರ್ಷಗಟ್ಟಲೆ ಪ್ರಚಾರ ನಡೆಸಿತು. 1946ರಲ್ಲಿ ಕೇಂದ್ರ ಶಾಸನಸಭೆಯ ಮುಂದೆ ನಾಣ್ಯದ ಮಸೂದೆಯೂ ಬಂದು ಅಂಗೀಕಾರವಾಗದೆ ಉಳಿಯಿತು. ಸ್ಥಾನಬೆಲೆಯ ಅಂಕಿಗಳನ್ನೂ ಸೊನ್ನೆಯನ್ನೂ ಲೋಕಕ್ಕೆ ಕೊಟ್ಟ ದೇಶ ಹತ್ತರ ಲೆಕ್ಕಕ್ಕೆ ಹಿಂಜರಿಯಬೇಕೇ ಎಂಬ ವಾದಕ್ಕೆ ಆಗ ಬಲವಿತ್ತು. ಸರಕಾರ ಮೊದಲು ಕೈಹಾಕಿದ್ದು ನಾಣ್ಯಕ್ಕೆ. 1955ರಲ್ಲಿ ಕಾನೂನು ತಿದ್ದುಪಡಿಯಾಗಿ 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆಯಾಯಿತು. ಅಲ್ಲಿಯವರೆಗೆ ಇದ್ದದ್ದು ರೂಪಾಯಿಗೆ 16 ಆಣೆ, 64 ಹಳೆಯ ಪೈಸೆ, 192 ಪೈ. ಒಂದು ಆಣೆಗೆ ಆರೂಕಾಲು ನಯಾ ಪೈಸೆಯಾದ್ದರಿಂದ ಚಿಲ್ಲರೆ ಹೊಂದಿಸುವುದೇ ಕಷ್ಟ: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25. ಒಂದೊಂದೇ ಆಣೆಯ ವಸ್ತುವನ್ನು ನಾಲ್ಕು ಸಲ ಕೊಂಡವನು 24 ಕೊಟ್ಟರೆ ಒಟ್ಟಿಗೆ ಕೊಂಡವನು 25 ಕೊಡಬೇಕಾಯಿತು. ಬೀದರ, ಗುಲಬರ್ಗಾ, ರಾಯಚೂರಿನ ಜನರಿಗೆ ಇದರ ಮೇಲೆ ಇನ್ನೊಂದು ಹೊರೆಯಿತ್ತು. ಏಳಕ್ಕೆ ಆರು ಭಾರತದ ರೂಪಾಯಿಯಂತೆ ನಡೆಯುತ್ತಿದ್ದ ನಿಜಾಮನ ರೂಪಾಯಿಯ ಬಾಳು ಮುಗಿದದ್ದು 1959ರಲ್ಲಿ. ಹೊಸ ನಾಣ್ಯ ಕೈಗೆ ಒಗ್ಗಿದ ಮೇಲೆ 1964ರ ಜೂನ್ 1ರಿಂದ ‘ನಯಾ’ ಎಂಬ ಮಾತನ್ನು ಕೈಬಿಟ್ಟು ಬರಿಯ ಪೈಸೆಯೆಂದು ಕರೆದರು. 25 ಪೈಸೆಯ ನಾಣ್ಯವನ್ನು ಮಾತ್ರ ಜನ 2011ರಲ್ಲಿ ಅದರ ಚಲಾವಣೆ ನಿಲ್ಲುವವರೆಗೂ ನಾಲ್ಕಾಣೆ ಎಂದೇ ಕರೆದರು.

ತೂಕ ಮತ್ತು ಅಳತೆಗಳ ಕಾನೂನಿಗೆ ಅಂಕಿತ ಬಿದ್ದದ್ದು 1956ರ ಡಿಸೆಂಬರ್ 28ರಂದು. ಅದರಲ್ಲಿ ನನಗೆ ಅತ್ಯಂತ ದೂರದೃಷ್ಟಿಯದೆಂದು ಕಾಣುವುದು ಹೆಸರಿನ ತೀರ್ಮಾನ. 1870ರವರಂತೆ ಹೊಸ ತೂಕಕ್ಕೆ ಹಳೆಯ ಹೆಸರಿಡಲಿಲ್ಲ. ಮೀಟರ್, ಲೀಟರ್, ಕಿಲೋಗ್ರಾಂ ಎಂಬ ಅಂತರರಾಷ್ಟ್ರೀಯ ಹೆಸರುಗಳನ್ನೇ ಇಟ್ಟುಕೊಂಡರು. ಆ ಪರಕೀಯ ಮಾತುಗಳನ್ನು ಹಳ್ಳಿಯವರು ನುಡಿಯಲಾರರೆಂಬ ಆತಂಕವಿತ್ತು. ಆದರೆ ಯಾವ ಊರಿನ ಹಳೆಯ ಅರ್ಥವೂ ಅಂಟಿರದಿದ್ದುದೇ ಅವುಗಳ ಗುಣವಾಯಿತು. ನಮ್ಮ ಸೇರು ದೊಡ್ಡದೋ ನಿಮ್ಮ ಸೇರು ದೊಡ್ಡದೋ ಎಂದು ಜಗಳವಾಡಬಹುದು, ಕಿಲೋ ವಿಷಯದಲ್ಲಿ ಆ ಜಗಳಕ್ಕೆ ಆಸ್ಪದವಿಲ್ಲ. ನಾಲಿಗೆಯೂ ಬೇಗ ಪಳಗಿತು. ಕಿಲೋಗ್ರಾಂ ಕೆಲವೇ ವರ್ಷಗಳಲ್ಲಿ ಕೆಜಿಯಾಗಿ ಮನೆಮಾತಾಯಿತು.

ಜಾರಿಯನ್ನು ಒಮ್ಮೆಗೇ ಮಾಡಲಿಲ್ಲ. 1958ರ ಅಕ್ಟೋಬರ್ 1ರಿಂದ ಆಯ್ದ ಉದ್ದಿಮೆಗಳಲ್ಲಿ ಮತ್ತು ಆಯ್ದ ಪ್ರದೇಶಗಳಲ್ಲಿ ತೂಕ ಬದಲಾಯಿತು, 1962ರ ಏಪ್ರಿಲ್ ಹೊತ್ತಿಗೆ ಮೆಟ್ರಿಕ್ ತೂಕ ದೇಶವ್ಯಾಪಿ ಕಡ್ಡಾಯವಾಯಿತು. ಹಳೆಯದೂ ಹೊಸದೂ ಜೊತೆಯಲ್ಲಿ ನಡೆದ ಆ ಮಧ್ಯಕಾಲವೇ ಕೊಳ್ಳುವವರಿಗೆ ಅಪಾಯದ ಕಾಲ. 80 ತೊಲದ ಸೇರಿನಿಂದ ಕಿಲೋಗೆ ಬಂದಾಗ ತೂಕ ನೂರಕ್ಕೆ ಏಳರಷ್ಟೇ ಹೆಚ್ಚುವುದರಿಂದ ಬೆಲೆ ಅದಕ್ಕಿಂತ ಹೆಚ್ಚು ಏರಿದರೂ ಗಮನಕ್ಕೆ ಬರುವುದು ಕಷ್ಟ. 24 ತೊಲದ ಸೇರಿನಿಂದ ಬಂದವರಿಗೆ ಒಂದು ಕಿಲೋ ಎಂದರೆ ಮೂರೂವರೆ ಸೇರಿಗೂ ತುಸು ಹೆಚ್ಚು, ಆ ಲೆಕ್ಕ ಬಾಯಲ್ಲಿ ಮಾಡುವಂಥದ್ದಲ್ಲ. ಆದರೂ ತಕ್ಕಡಿಗೆ ಹಾಕಿ ಕ್ವಿಂಟಲ್ ಲೆಕ್ಕದಲ್ಲಿ ಮಾರುವ ರೂಢಿ ಬಂದಮೇಲೆ ದಾವಣಗೆರೆಯ ಧಾರಣೆಯನ್ನು ಹುಬ್ಬಳ್ಳಿಯ ಧಾರಣೆಯೊಂದಿಗೆ ಹೋಲಿಸಿ ನೋಡಲು ರೈತನಿಗೆ ಸಾಧ್ಯವಾಯಿತು. ಇಡೀ ಬದಲಾವಣೆಯಲ್ಲಿ ಬಡವನಿಗೆ ಸಿಕ್ಕ ಅತಿ ದೊಡ್ಡ ಲಾಭ ಇದೇ ಎಂದು ನಾನು ನಂಬಿದ್ದೇನೆ.

ಭೂಮಿ ಮಾತ್ರ ಈ ಬದಲಾವಣೆಗೆ ಬಗ್ಗಲಿಲ್ಲ. ಇಂದಿಗೂ ನಮ್ಮ ಪಹಣಿಯಲ್ಲಿ ವಿಸ್ತೀರ್ಣ ಇರುವುದು ಎಕರೆ ಮತ್ತು ಗುಂಟೆಯಲ್ಲಿ. ಇದಕ್ಕೆ ಕೇವಲ ಹಳೆಯ ರೂಢಿ ಕಾರಣವಲ್ಲ. ಒಂದು ಖಂಡುಗ ಬಿತ್ತನೆ ಹಿಡಿಯುವ ನೆಲಕ್ಕೆ ಖಂಡುಗದ ಗದ್ದೆ ಎನ್ನುತ್ತಿದ್ದ ಕಾಲದಲ್ಲಿ ಮಣ್ಣಿನ ಗುಣಕ್ಕೆ ತಕ್ಕಂತೆ ವಿಸ್ತೀರ್ಣ ಬದಲಾಗುತ್ತಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದ ಸರ್ವೆ 33 ಅಡಿಯ ಸರಪಳಿ ಹಿಡಿದು ಆ ಗೊಂದಲವನ್ನು ಆಗಲೇ ಬಗೆಹರಿಸಿತ್ತು. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಹೆಸರಿಗೆ ಅರ್ಥ ಒಂದೇ ಆಗಿಬಿಟ್ಟಿದ್ದರಿಂದ ಅದನ್ನು ಹೆಕ್ಟೇರಿಗೆ ಬದಲಿಸುವ ಜರೂರು ಒಕ್ಕಲಿಗನಿಗೆ ಕಾಣಲಿಲ್ಲ. ಚಿನ್ನದ ತೊಲ ಇನ್ನೊಂದು ದಾರಿ ಹಿಡಿಯಿತು: 11.66 ಗ್ರಾಮಿನ ಆ ಹೆಸರು ಈಗ ಎಷ್ಟೋ ಅಂಗಡಿಗಳಲ್ಲಿ 10 ಗ್ರಾಮಿಗೆ ನಿಲ್ಲುತ್ತದೆ. ಮಗಳ ಮದುವೆಗೆ ಇಷ್ಟು ತೊಲ ಎಂದು ಮಾತಾಡಿಕೊಳ್ಳುವವರು ಯಾವ ತೊಲವೆಂದು ಕೇಳಿಕೊಳ್ಳುವುದು ಒಳ್ಳೆಯದು.

ತೂಕದ ಸಾಚಾತನಕ್ಕೆ ಈಗ ಒಂದು ಸರಪಳಿಯಿದೆ. 1957ರಲ್ಲಿ ಭಾರತ, ಮೆಟ್ರಿಕ್ ಅಳತೆಗಳ ಅಂತರರಾಷ್ಟ್ರೀಯ ಒಡಂಬಡಿಕೆಯಾದ ಮೀಟರ್ ಒಪ್ಪಂದಕ್ಕೆ ಸೇರಿತು. ಪ್ಯಾರಿಸಿನ ಬಳಿಯಿದ್ದ ಮೂಲ ಕಿಲೋಗ್ರಾಮಿನ ಪ್ರತಿರೂಪಗಳಲ್ಲಿ 57ನೆಯದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಮಿನ ವ್ಯಾಖ್ಯೆ ಆ ಲೋಹದ ಗಟ್ಟಿಯನ್ನು ಬಿಟ್ಟು ನಿಸರ್ಗದ ಸ್ಥಿರಾಂಕವೊಂದಕ್ಕೆ ವರ್ಗವಾಯಿತು. ಬೆಂಗಳೂರಿನ ಪ್ರಾದೇಶಿಕ ಮಾಪನ ಪ್ರಯೋಗಾಲಯವೂ ಜಿಲ್ಲೆಗಳ ನಿರೀಕ್ಷಕರ ಮಾದರಿ ತೂಕಗಳೂ ಇದೇ ಸರಪಳಿಯ ಕೊಂಡಿಗಳು. 2011ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾನೂನು ಮಾಪನ ಕಾಯ್ದೆಯ ಪ್ರಕಾರ ಅಂಗಡಿಯ ಕಬ್ಬಿಣದ ಕಲ್ಲನ್ನು ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆಗೊಡ್ಡಿ ಮುದ್ರೆ ಹಾಕಿಸಿಕೊಳ್ಳಬೇಕು. ಸಂತೆಯಲ್ಲಿ ಅರ್ಧ ಕಿಲೋ ಈರುಳ್ಳಿ ಕೊಳ್ಳುವಾಗ ತಟ್ಟೆಯಲ್ಲಿರುವ ಕಲ್ಲನ್ನು ಒಮ್ಮೆ ಮಗುಚಿ ನೋಡಿದರೆ, ತಳದ ಕುಳಿಯಲ್ಲಿ ತುಂಬಿದ ಸೀಸದ ಮೇಲೆ ಆ ಮುದ್ರೆ ಕಾಣುತ್ತದೆ.