ಪದ ಪರಿಚಯ: ಕಾರ್ಡ್ 0

ನಿನ್ನೆ ಚೆನ್ನಾಗಿ ಹಾಡುತ್ತಿದ್ದ ಸ್ಪೀಕರ್, ಇವತ್ತು ರೀಸ್ಟಾರ್ಟ್ ಆದ ಮೇಲೆ ತುಟಿ ಬಿಚ್ಚುತ್ತಿಲ್ಲ. ವಾಲ್ಯೂಮ್ ಪೂರ್ತಿ ಇದೆ, ಮ್ಯೂಟ್ ಆಗಿಲ್ಲ, ವಿಡಿಯೊನೂ ಓಡುತ್ತಿದೆ. ಲಿನಕ್ಸ್‌ನಲ್ಲಿ ಹೀಗಾದಾಗ ಡ್ರೈವರ್, ಅಂದರೆ ಯಂತ್ರದ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಕೆಟ್ಟಿದೆ ಅಂದುಕೊಂಡು ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಲು ಕೂರುವವರೇ ಜಾಸ್ತಿ. ಎಷ್ಟೋ ಸಲ ಡ್ರೈವರ್ ನೆಟ್ಟಗೇ ಇರುತ್ತದೆ. ಶಬ್ದ ಬೇರೆ ಸೌಂಡ್ ಕಾರ್ಡಿಗೆ ಹೋಗುತ್ತಿರುತ್ತದೆ, ಅಷ್ಟೆ.

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಶಬ್ದದ ಕೆಲಸ ನೋಡಿಕೊಳ್ಳುವುದು ಆಲ್ಸಾ ಅನ್ನುವ ಭಾಗ. 1998ರಲ್ಲಿ ಯಾರೋಸ್ಲಾವ್ ಕಿಸೆಲಾ ಶುರು ಮಾಡಿದ ಯೋಜನೆ ಇದು. ಇದು ತನಗೆ ಸಿಕ್ಕ ಪ್ರತಿ ಸೌಂಡ್ ಕಾರ್ಡಿಗೂ ಒಂದು ನಂಬರ್ ಕೊಡುತ್ತದೆ. ಎಣಿಕೆ 0ಯಿಂದ ಶುರು. ಯಾವ ಕಾರ್ಡ್ ಬೇಕು ಅಂತ ಹೇಳದ ಪ್ರೋಗ್ರಾಂಗೆ ಆಲ್ಸಾ ತೋರಿಸುವುದು ಆ 0ಯನ್ನೇ.

‘ನನ್ನ ಹತ್ರ ಇರೋದು ಒಂದೇ ಸೌಂಡ್ ಕಾರ್ಡ್’ ಅನ್ನಬೇಡಿ. ಮದರ್‌ಬೋರ್ಡಿನದು ಒಂದು, ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಶಬ್ದ ಕಳಿಸುವ ಗ್ರಾಫಿಕ್ಸ್ ಚಿಪ್‌ನದು ಇನ್ನೊಂದು. ಯುಎಸ್‌ಬಿ ಹೆಡ್‌ಸೆಟ್ ಒಂದು ಕಾರ್ಡ್, ಮೈಕ್ ಇರುವ ವೆಬ್‌ಕ್ಯಾಮ್ ಕೂಡ ಒಂದು ಕಾರ್ಡ್! ಬೂಟ್ ಆಗುವಾಗ ಯಾವುದು ಮೊದಲು ಲೋಡ್ ಆಗುತ್ತದೋ ಅದಕ್ಕೆ ಮೊದಲ ನಂಬರ್. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ.

2013ರಲ್ಲಿ ಬಂದ ಇಂಟೆಲ್ ಹ್ಯಾಸ್ವೆಲ್ ಕಂಪ್ಯೂಟರುಗಳಲ್ಲಿ ಇದು ತುಂಬ ಜನರನ್ನು ಕಾಡಿತು. ಅದರಲ್ಲಿ ಎಚ್‌ಡಿಎಂಐ ಆಡಿಯೊದ ಪಿಸಿಐ ವಿಳಾಸ (ಕಂಪ್ಯೂಟರಿನೊಳಗೆ ಆ ಭಾಗ ಇರುವ ಜಾಗದ ಗುರುತು) 03, ಸ್ಪೀಕರಿನ ಕಡೆಯದು 1ಬಿ. ಎರಡಕ್ಕೂ ಡ್ರೈವರ್ ಒಂದೇ, ಎಚ್‌ಡಿಎ ಇಂಟೆಲ್. ವಿಳಾಸದ ಸಾಲಿನಲ್ಲಿ ಮುಂದಿದ್ದ ಎಚ್‌ಡಿಎಂಐ 0 ಹಿಡಿಯಿತು, ಸ್ಪೀಕರ್ 1 ಆಯಿತು. ಟಿವಿ ಜೋಡಿಸದವರಿಗೂ ಶಬ್ದ ಟಿವಿ ಕಡೆಗೇ ಹೋಯಿತು. ಪ್ರಾಕ್ ಡೈರೆಕ್ಟರಿಯೊಳಗೆ ಎಸೌಂಡ್, ಅದರೊಳಗೆ ಕಾರ್ಡ್ಸ್ ಅನ್ನುವ ಫೈಲ್ ಇದೆ. ಅದನ್ನು ತೆರೆದರೆ 0ಯ ಎದುರು ಎಚ್‌ಡಿಎಂಐ, 1ರ ಎದುರು ಪಿಸಿಎಚ್ (ಮದರ್‌ಬೋರ್ಡಿನ ಕಾರ್ಡ್, ಅಂದರೆ ಸ್ಪೀಕರಿನದು) ಅಂತ ಕಾಣಿಸುತ್ತದೆ. ಜಗಳ ಏನಿದ್ದರೂ ಈ ಎರಡು ಸಾಲಿನದು.

ಡ್ರೈವರ್ ಆಯ್ಕೆಗಳ ಫೈಲಿನಲ್ಲಿ ಎಚ್‌ಡಿಎ ಇಂಟೆಲ್‌ಗೆ ಇಂಡೆಕ್ಸ್ = 1,0 ಅಂತ ಬರೆದು ಸಾಲು ತಿರುಗಿಸಬಹುದು: ಮೊದಲು ಸಿಕ್ಕ ಕಾರ್ಡಿಗೆ 1, ಎರಡನೆಯದಕ್ಕೆ 0. ಹೆಡ್‌ಸೆಟ್, ವೆಬ್‌ಕ್ಯಾಮ್ 0 ಹಿಡಿಯದಿರಲಿ ಅಂತ ಯುಎಸ್‌ಬಿ ಆಡಿಯೊ ಡ್ರೈವರ್‌ಗೆ ಇಂಡೆಕ್ಸ್ = -2 ಅಂತ ಹಾಕುವುದೂ ರೂಢಿ. ನೋಡಲು ವಿಚಿತ್ರ ಅಲ್ವಾ? ಮೈನಸ್ ಸಂಖ್ಯೆ ಕೊಟ್ಟರೆ ಆಲ್ಸಾ ಅದನ್ನು ಬಿಟ್‌ಗಳಾಗಿ, ಅಂದರೆ ಒಂದೊಂದು ಜಾಗಕ್ಕೂ ಒಂದು ‘ಹೌದು’ ಇಲ್ಲವೇ ‘ಬೇಡ’ ಅಂತ, ಓದುತ್ತದೆ. -2 ಅಂದರೆ ‘0 ಬಿಟ್ಟು ಯಾವ ಜಾಗವಾದರೂ ಸರಿ’.

ನನ್ನ ಮತ ಕೇಳಿದರೆ, ನಂಬರಿನ ಸಹವಾಸವೇ ಬೇಡ. ಆಲ್ಸಾದ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಕಾರ್ಡಿನ ಹೆಸರನ್ನೇ ಹಾಕಬಹುದು. ಪಿಸಿಎಚ್ ಅಂತ ಬರೆದರೆ ಅದು 0 ಆಗಲಿ, 2 ಆಗಲಿ, ಶಬ್ದ ಅಲ್ಲಿಗೇ ಹೋಗುತ್ತದೆ. ಆಲ್ಸಾದ ಮೇಲೆ ಕೂತು ಪ್ರೋಗ್ರಾಂಗಳ ಶಬ್ದವನ್ನು ಹಂಚುವ ಪಲ್ಸ್‌ಆಡಿಯೊ, ಪೈಪ್‌ವೈರ್ ಕೂಡ ನಿಮ್ಮ ಆಯ್ಕೆಯನ್ನು ನೆನಪಿಡುವುದು ಹೆಸರಿನಿಂದಲೇ. ಹಾಗಾಗಿ ಹೊಸ ಡೆಸ್ಕ್‌ಟಾಪ್‌ಗಳಲ್ಲಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಔಟ್‌ಪುಟ್ ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು.

‘ಡಿವೈಸ್ ಬ್ಯುಸಿ’ ಅಂತ ಬಂದರೆ ಕಥೆ ಬೇರೆ. ಯಾವುದೋ ಪ್ರೋಗ್ರಾಂ ಕಾರ್ಡನ್ನು ನೇರವಾಗಿ ಹಿಡಿದು ಕೂತಿದೆ ಅಂತ ಅರ್ಥ. ಎಫ್‌ಯೂಸರ್ ಕಮಾಂಡ್ ಅದು ಯಾವುದೆಂದು ತೋರಿಸುತ್ತದೆ.

ಹೆಸರಿನ ಉಪಾಯಕ್ಕೂ ಒಂದು ತೊಡಕು ಇದೆ. ಒಂದೇ ಮಾದರಿಯ ಎರಡು ಹೆಡ್‌ಸೆಟ್ ಚುಚ್ಚಿದರೆ ಎರಡನೆಯದರ ಹೆಸರಿನ ಬಾಲಕ್ಕೆ 1 ಸೇರುತ್ತದೆ, ಮತ್ತೆ ಮೊದಲು ಬಂದವರ ಲೆಕ್ಕ. ಆಗ ಯುಡೆವ್‌ಗೆ (ಚುಚ್ಚಿದ ಸಾಧನಗಳನ್ನು ಗುರುತಿಸುವ ಲಿನಕ್ಸ್‌ನ ವ್ಯವಸ್ಥೆ) ರೂಲ್ ಬರೆದು, ಯಾವ ಯುಎಸ್‌ಬಿ ಪೋರ್ಟಿಗೆ ಯಾವ ಹೆಸರು ಅಂತ ನೀವೇ ಗೊತ್ತುಮಾಡಬೇಕು.